ಮೆಟ್ಟಿಲ ಮೇಲಿನ ದೂರು

ವಾಲ್ಪರೈಸೋ ಅಂದರೆ ಬರೀ ಮೆಟ್ಟಿಲು.
ಬಿದ್ದವರಿಗಿಲ್ಲಿ ಬರವಿಲ್ಲ,
ಅದಕ್ಕೇ ಯಾರೂ ಕೇಳುವುದಿಲ್ಲ.

ಕ್ಷೌರದಂಗಡಿಯ ಎವರಿಸ್ತೋ ಬಾಚಣಿಗೆ ಎತ್ತಿದ್ದಷ್ಟೇ,
ಏಳು ವರ್ಷದ ಬಾಸ್ತಿಯಾನ್
ಕತ್ತು ಒಳಗೆಳೆದುಕೊಂಡ.
ಕಿವಿಯ ಹಿಂದೆ, ಕೂದಲಡಿ,
ನಾಲ್ಕು ಬೆರಳ ಬಾಸುಂಡೆ, ಹಳದಿಗೆ ತಿರುಗಿ.

"ಮೆಟ್ಟಿಲಿಂದ ಬಿದ್ದ,"
ಬಾಗಿಲಲ್ಲಿ ಸಿಗರೇಟು ಹಚ್ಚುತ್ತ ಅಪ್ಪ.
"ಹೂಂ," ಅಂದ ಎವರಿಸ್ತೋ.

ಮೂವತ್ತು ವರ್ಷ ಹೂಂ ಅಂದವನು.
ಅದರಲ್ಲೊಂದು ಹೂಂಗೆ ಪಾಸ್ಕಲಾ ಅಂತ ಹೆಸರು;
ಆಮೇಲವಳು ಕೂದಲು ಕತ್ತರಿಸಿಕೊಳ್ಳಲು
ಬರಲೇ ಇಲ್ಲ.

ಅವರು ಹೋದ ಮೇಲೆ ನೆಲ ಗುಡಿಸಿದ,
ಗುಡಿಸಿದ್ದನ್ನೇ ಮತ್ತೆ ಗುಡಿಸಿದ.
ನನ್ನ ಕಣ್ಣೇ ತಪ್ಪಿದ್ದರೆ?
ಫೋನೆತ್ತಿದ, ಕತ್ತರಿ ಬೆರಳಲ್ಲೇ ಮರೆತು.

ಆ ಕಡೆಯ ಹೆಂಗಸು ಕೇಳಿದಳು: ಏನಾಯಿತು?
"ಸರಿಯಾಗಿ ಗೊತ್ತಿಲ್ಲಮ್ಮ.
ಮೆಟ್ಟಿಲಿಗೆ ಬೆರಳಿರುವುದಿಲ್ಲ,
ಅಷ್ಟು ಗೊತ್ತು."