ಕಕ್ಕಡ ಹತ್ತೊಂಬತ್ತು

ಗೋಣಿಕೊಪ್ಪದ ಲ್ಯಾಬಿನಲ್ಲಿ ಇವತ್ತು
ಮೂತ್ರದ ಬಾಟಲಿಗಳೆಲ್ಲ ಕೆಂಪು.
ಹೆದರುವುದಿಲ್ಲ ನಾನು. ನಿನ್ನೆ ಕಕ್ಕಡ ಹದಿನೆಂಟು,
ನಮ್ಮನೆಯಲ್ಲೂ ಮದ್ದುಸೊಪ್ಪು ಬೆಂದಿತ್ತು,
ನೇರಳೆ ಪಾಯಸ, ಮೇಲೊಂದಿಷ್ಟು ಜೇನು.

"ಹದಿನೆಂಟು ಮದ್ದು ಒಂದೇ ಎಲೆಯಲ್ಲಿ,
ಕ್ಯಾನ್ಸರೂ ಹತ್ತಿರ ಸುಳಿಯೋದಿಲ್ಲ"
ಎನ್ನುತ್ತಾ ತಮ್ಮದನ್ನೂ ಮೇಜಿಗಿಟ್ಟು
ನಕ್ಕರು ದೇಚವ್ವ.
ಇರಬಹುದು, ಎಂದೆ. ನಾನು ಓದಿದ ಕಡೆ
ಆ ಎಲೆಯ ಪಾಠ ಇರಲಿಲ್ಲ.

ಎಷ್ಟು ಬಟ್ಟಲು ತಿಂದಿರಿ?
ಸುಮ್ಮನೆ ಕೇಳಿದ್ದು.

"ಎಲ್ಲಿಂದ ಮಗಳೇ," ಕೊಡೆ ಬಿಡಿಸುತ್ತಾ ಅಂದರು,
"ಈ ಸಲ ಸೊಪ್ಪು ಕೊಯ್ಯೋಕೆ
ತೋಟಕ್ಕಿಳಿಯುವ ತ್ರಾಣವೇ ಇರಲಿಲ್ಲ."

ಅವರ ಬಾಟಲಿ ಬೇರೆ ಎತ್ತಿಟ್ಟೆ.
ಬಣ್ಣ ಅದೇ.
ಕೊಡೆ ಮಡಚಿ ಅವ್ವಾ,
ಸ್ವಲ್ಪ ಕೂರಿ, ಎಂದೆ.