ಓದಲಾಗಲಿಲ್ಲ, ಕಾರಣ

ಪೈವಳಿಕೆಯಿಂದ ಬಾಯಾರು ಪದವಿನ ತನಕ
ಮುನ್ನೂರ ಹನ್ನೆರಡು ಮೀಟರು ನನ್ನ ಪಾಲಿಗೆ.
ಎರಡು ತಿಂಗಳಿಗೊಮ್ಮೆ ಹೋಗಿ ಓದುತ್ತೇನೆ,
ನಾಯಿ ಇದ್ದಲ್ಲಿ ಗೇಟಿನಿಂದಲೇ, ಕಣ್ಣು ಕಿರಿದು ಮಾಡಿ.

ಅವ್ವಮ್ಮನವರ ಮನೆಯಲ್ಲಿ ನಾಯಿಯಿಲ್ಲ.
ಮುರಕಲ್ಲ ಗೋಡೆ, ಮರದ ಹಳೆಯ ಪೆಟ್ಟಿಗೆ,
ಪೆಟ್ಟಿಗೆಯ ತೂತಿನಿಂದ ಹೊರಗೆ ಚಾಚಿದ
ಕಿರುಬೆರಳುದ್ದದ ಮೇಣದ ಕೊಳವೆ.
ಅದರ ಬಾಯ ಸುತ್ತ ಏಳೆಂಟು ಕಾವಲು,
ಎಳ್ಳಿಗೆ ರೆಕ್ಕೆ ಬಂದ ಹಾಗೆ.

"ಮುಜಂಟಿ. ಮುಳ್ಳಿಲ್ಲ ಅದಕ್ಕೆ, ಹೆದರಬೇಡ."

ಚುಚ್ಚಲಿಲ್ಲ, ನಿಜ.
ಪೆಟ್ಟಿಗೆ ತೆರೆದದ್ದೇ ಜಡೆಯೊಳಗೆ ಹೊಕ್ಕವು,
ಹುಬ್ಬಿಗೆ, ಕಿವಿಯ ಸಂದಿಗೆ,
ಒಂದೊಂದೇ ಕೂದಲು ಹಿಡಿದು ಜಗ್ಗಿ ಅಂಟು ಮೆತ್ತಿದವು,
ಶಾಲೆಯಲ್ಲಿ ಹಿಂದಿನ ಬೆಂಚಿನವಳ ಹಾಗೆ.

ಗಾಜಿನ ಮೇಲೆಲ್ಲ ಮೇಣ.
ಅಂಕಿಗಳ ಜಾಗದಲ್ಲಿ ಕಡಲೆಕಾಳಿನಷ್ಟು ಗಡಿಗೆಗಳು
ಒಂದರ ಮೈಗೆ ಒಂದು ಆತುಕೊಂಡು.
ಒಂದು ಒಡೆದಿತ್ತು. ಬೆರಳು ನೆಕ್ಕಿದೆ:
ಹುಳಿ ಮೊದಲು, ಆಮೇಲೆ ಸಿಹಿ,
ಕೊನೆಗೆ ಯಾವುದೋ ಮರದ ಕಹಿ.

ಯಂತ್ರದಲ್ಲಿ ಬರೆದೆ: ಓದಲಾಗಲಿಲ್ಲ.
ಕಾರಣಕ್ಕೆ ಇದ್ದದ್ದು ನಾಲ್ಕೇ ಗುಂಡಿ:
ಬೀಗ, ನಾಯಿ, ಮೀಟರ್ ಕೆಟ್ಟಿದೆ, ಇತರ.
ಇತರ ಒತ್ತಿದೆ.
ಹೀಗೆ ಒಂದೂವರೆ ವರ್ಷ ಆ ಇತರರು
ಸರಾಸರಿ ಬಿಲ್ಲಿನಲ್ಲಿ ಸಂಸಾರ ಮಾಡಿದರು.

ಆ ಹೊತ್ತಿನಲ್ಲಿ ನಾನು ಕಂಡದ್ದು:
ಚಪ್ಪರದ ಮುಳ್ಳುಸೌತೆ, ಸೊಟ್ಟ ಕಾಯಿ ಒಂದೂ ಇಲ್ಲ;
ಮೊಮ್ಮಗ ಸಾಬಿತನ ಬಾಯಿಹುಣ್ಣಿಗೆ ಹತ್ತಿಯಲ್ಲಿ ನಾಲ್ಕು ಹನಿ;
ಆಚೆ ಮನೆಯ ಲೀಸಮ್ಮನ ಸುಟ್ಟ ಅಂಗೈ;
ತೂತಾದ ಕೊಡಪಾನಕ್ಕೆ ಮೆತ್ತಿದ ಕರಿಮೇಣ,
ಇನ್ನೂ ಸೋರಿಲ್ಲವಂತೆ.
ಗುಣವಾದದ್ದು ಜೇನಿಂದಲೋ ಅವ್ವಮ್ಮನ ಬೈಗುಳದಿಂದಲೋ
ನಾನು ಹೇಳಲಾರೆ. ನನ್ನ ಕೆಲಸ ಅಂಕಿ ಓದುವುದು.

ಕಚೇರಿಯಿಂದ ಕಾಗದ ಬಂತು, ಮಲಯಾಳದಲ್ಲಿ:
ತೇನೀಚ್ಚ ತೆರವು ಮಾಡಿ ಹೊಸ ಮೀಟರು ಕೂರಿಸತಕ್ಕದ್ದು.
ಕನ್ನಡದಲ್ಲಿ ಬಿಡಿಸಿ ಹೇಳಿದೆ.
ಅವ್ವಮ್ಮ ಬ್ಯಾರಿಯಲ್ಲಿ ಉತ್ತರಿಸಿದರು.
ಅದನ್ನು ಇಲ್ಲಿ ಬರೆಯುವಂತಿಲ್ಲ.

ಸಂಜೆಗೆ ಕೊರಗಪ್ಪ ಮೂಲ್ಯರು ಮಡಕೆ ತಂದರು.
ತಿಗರಿ ಬಿಟ್ಟು ಹದಿನೈದು ವರ್ಷ,
ಅಟ್ಟದಲ್ಲಿ ಉಳಿದಿದ್ದ ಕೊನೆಯದು.
ಪೆಟ್ಟಿಗೆ ಬಿಚ್ಚಿ ಗಳಿಗೆ ಹೊತ್ತು ಸುಮ್ಮನೆ ನಿಂತರು.
ಮೊಟ್ಟೆಯ ಗೊಂಚಲು, ಜೇನಿನ ಗಡಿಗೆ, ಹೂಹುಡಿಯ ಗಡಿಗೆ.
ಆವೆಯಿಲ್ಲ, ತಿಗರಿಯಿಲ್ಲ.
"ಇವೂ ನಮ್ಮವೇ," ಎಂದರು, "ಜಾತಿಯಲ್ಲಿ."

ರಾಣಿಯನ್ನು ಗೆರಟೆಯಲ್ಲಿ ಎತ್ತಿದರು,
ಹೊಟ್ಟೆ ಭಾರ, ಹಾರಲಾರಳು.
ಹಳೆಯ ಕೊಳವೆ ಮಡಕೆಯ ತೂತಿಗೆ ಅಂಟಿಸಿ
ಅದೇ ಮೊಳೆಗೆ, ಅದೇ ಎತ್ತರಕ್ಕೆ ತೂಗಿದರು.
"ಹೊರಗೆ ಹೋದವು ಬರಬೇಕಲ್ಲ ಮಗಳೇ."

ಬಂದವು, ಕಾಲಿಗೆ ಹಳದಿ ಹುಡಿ ಕಟ್ಟಿಕೊಂಡು.
ಕೊಳವೆ ಮುಟ್ಟಿ, ಹಿಂದೆ ಸರಿದು,
ಮತ್ತೆ ಮುಟ್ಟಿ,
ಒಳಗೆ.

ಜಾಗ ಬಿಟ್ಟದ್ದು ಮೀಟರು.
ಬಾಗಿಲ ಆಚೆ ಬದಿ ಈಗ ಅಂಕಿ ಹೊಳೆಯುತ್ತದೆ,
ಓದಿ, ಬಿಲ್ಲು ಹರಿದು ಕೊಟ್ಟು
ಈಚೆ ಬದಿಗೂ ಒಂದು ನಿಮಿಷ ಹೋಗುತ್ತೇನೆ.
ರಾತ್ರಿ ಮನೆಯಲ್ಲಿ ತಲೆ ಬಾಚುವಾಗ
ಬಾಚಣಿಗೆಯ ಹಲ್ಲಿಗೆ ಕರಿಯಂಟಿನ ಚುಕ್ಕೆ,
ಮೂಸಿದರೆ
ಯಾವುದೋ ಮರ.