ಕರ್ತೃ ಯಾರು

ಭಾಂಡುಪಿನ ಈ ಮುನ್ಸಿಪಾಲ್ಟಿ ಆಸ್ಪತ್ರೆಯಲ್ಲಿ
ದುಭಾಷಿ ಎಂಬ ಹುದ್ದೆ ಇಲ್ಲ.
ಹಾಗಾಗಿ ಸಂಜೆ ಏಳಕ್ಕೆ ವಾರ್ಡಿನಿಂದ ನನ್ನನ್ನೇ ಕೆಳಗೆ ಕರೆದರು:
ವಾರಿಜಾ ಸಿಸ್ಟರ್, ನಿಮ್ಮ ಭಾಷೆಯವಳು ಬಂದಿದ್ದಾಳೆ.

ನನ್ನ ಭಾಷೆ ಎಂದರೆ ಯಾವುದು?
ಮನೆಯಲ್ಲಿ ತುಳು, ಲೋಕಲ್ಲಿನಲ್ಲಿ ಮರಾಠಿ.
ಕನ್ನಡ, ಅದು ಕೋಟೆಯ ರಾತ್ರಿಶಾಲೆಯದು,
ಹಗಲೆಲ್ಲ ಮಾತ್ರೆಯ ಡಬ್ಬಿಗೆ ಚೀಟಿ ಅಂಟಿಸಿದ ಬೆರಳು
ಗೋಂದು ಆರುವ ಮೊದಲೇ ಬರೆದು ಕಲಿತದ್ದು.
ಅವಳದು ಸುರಪುರದ ಕಡೆಯ ಕನ್ನಡ.
ಸೀರೆಯ ಅಂಚಿಗೆ ಒಣಗಿದ ಸಿಮೆಂಟು.
ಹೆಸರು ಮರೆಮ್ಮ. ಎಡಗಣ್ಣು ಬಾತು ಮುಚ್ಚಿತ್ತು.

ಕೇಸ್‌ಪೇಪರಿನಲ್ಲಿ ಆಗಲೇ ಬರೆದಾಗಿತ್ತು:
ಮೆಟ್ಟಿಲಲ್ಲಿ ಜಾರಿ ಬಿದ್ದದ್ದು.
ಬರೆಸಿದವನು ಹೊರಗೆ ಬೆಂಚಿನಲ್ಲಿ
ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಕೂತಿದ್ದ.

ಎಕ್ಸ್‌ರೇ ಪಕ್ಕದ ಕೋಣೆ. ಐದಕ್ಕೆ ಬೀಗ ಬೀಳಬೇಕಾದದ್ದು.
ಅದಕ್ಕೆ ಬಾಗಿಲು ಬಂದದ್ದೇ ಹೋದ ವರ್ಷ,
ಮೊದಲು ಬರೀ ಪರದೆ, ಪರದೆಯ ಆಚೆ ಸಾಲುಗಟ್ಟಿದ ಕಿವಿ.
ಬಾಗಿಲಿಗಾಗಿ ಹನ್ನೊಂದು ಅರ್ಜಿ ಬರೆದವಳು ವೃಷಾಲಿ.
ಅವಳು ಮೊದಲು ಚಹಾ ಕೊಟ್ಟಳು,
ಪೆನ್ನು ತೆಗೆದದ್ದು ಆಮೇಲೆ.

ಬಿದ್ದೆನ್ರೀ, ಎಂದಳು ಮರೆಮ್ಮ.
ದಾಟಿಸಿದೆ: ಬಿದ್ದಳಂತೆ.
ಹೇಗೆ? ಕೇಳಿ.
ಬಿದ್ದೆನ್ರೀ.

ಸಾಲಿಯಾನ್ ಮಾಸ್ತರರು ಹಲಗೆಗೆ ಕೋಲು ಕುಟ್ಟಿ,
ತೂಕಡಿಸುವ ಹೋಟೆಲು ಮಾಣಿಗಳ ನಡುವೆ
ನನ್ನನ್ನೇ ಹಿಡಿದು ಕೇಳುತ್ತಿದ್ದರು:
ಕ್ರಿಯಾಪದ ಸಿಕ್ಕಿತಲ್ಲ, ಕರ್ತೃ ಯಾರು ಮಗಾ?

ಚಹಾ ಆರಿತು. ಕೆನೆ ಕಟ್ಟಿತು.
ಆಮೇಲೆ ಬಂದವು, ಒಂದೊಂದೇ.
ಬಡದ. ಗುದ್ದಿದ. ಜಾಡಿಸಿ ಒದ್ದ.
ಕೂದಲ ಹಿಡದು ಜಗ್ಗಿದ. ಗ್ವಾಡಿಗಿ ಹಾಯಿಸಿದ.
(ಗ್ವಾಡಿ ಎಂದರೆ ಗೋಡೆ ಎಂದು ಹೊಳೆಯಲು
ನನಗೂ ಒಂದು ಕ್ಷಣ ಬೇಕಾಯಿತು.)
ಆಮೇಲೆ ಹೊಟ್ಟೆಗೆ... ಅಲ್ಲಿ ಅವಳಲ್ಲೂ ಮಾತಿರಲಿಲ್ಲ,
ಅಂಗೈ ಇಟ್ಟು ತೋರಿಸಿದಳು.
ಫಾರಮಿನಲ್ಲಿ ಅಷ್ಟಕ್ಕೂ ಒಂದೇ ಚೌಕ, ಒಂದೇ ಪದ: ಮಾರಹಾಣ.
ವೃಷಾಲಿ ಚೌಕ ದಾಟಿ ಅಂಚಿನುದ್ದಕ್ಕೂ ಬರೆದಳು.
ಪ್ರತಿ ಕ್ರಿಯಾಪದದ ಬಾಲದಲ್ಲೂ ಒಬ್ಬ ಗಂಡಸಿದ್ದ,
ಹೆಸರಿಲ್ಲದೆ.

ಹೊಡೆದವನ ಹೆಸರು? ಕೇಳಿತು ಫಾರಮು.
ಮರೆಮ್ಮ ಸೆರಗನ್ನು ಬಾಯಿಗೆ ಒತ್ತಿದಳು.
ಗಂಡನ ಹೆಸರ ಹ್ಯಾಂಗ ಹೇಳ್ಲಿ ಅಕ್ಕಾ?
ಲಗ್ನದಾಗ ಒಮ್ಮಿ ಹೇಳೀನಿ, ಒಡಪು ಹಾಕಿ:
ಹಸಿರು ಬಳಿ ಹನ್ನೆರಡು, ಹಣಿಗೆ ಕುಂಕುಮ ಒಂದು,
(ಇಲ್ಲಿ ಅವನ ಜಾಗ ಖಾಲಿ ಬಿಟ್ಟಳು)
ಹೆಸರ ಹೇಳತೀನಿ ಹೊಸ್ತಿಲ ಮ್ಯಾಲ ನಿಂದು.

ನಾನು ಅದನ್ನು ದಾಟಿಸಲಿಲ್ಲ. ವೃಷಾಲಿಗೆ ತಿಳಿದುಹೋಯಿತು.
ಅವರ ಮದುವೆಗಳಲ್ಲೂ ಇದೇ ಆಟ,
ಇದೇ ಪ್ರಾಸ, ಸುತ್ತ ನಿಂತವರ ಇದೇ ನಗು.
ಪೆನ್ನು ಮೇಜಿಗಿಟ್ಟು ಕಾದಳು.
ಹೊರಗೆ ಕರ್ಜತ್ ಫಾಸ್ಟು ಹಾದು ಕಿಟಕಿ ನಡುಗಿ ನಿಂತಿತು.

ದೇವಿಂದ್ರಪ್ಪ.
ಇನ್ನೊಮ್ಮೆ, ನನಗೆ ಕಿವಿ ಮಂದವೇನೋ ಎಂಬಂತೆ:
ದೇವಿಂದ್ರಪ್ಪ.
ಬಾಗಿಲಾಚೆಯ ಬೆಂಚಿಗೆ ಕೇಳಿಸಿತೋ ಇಲ್ಲವೋ.

ಮುಂದಿನದು ಕವಿತೆಗೆ ಒಗ್ಗುವುದಲ್ಲ.
ಆಸರೆ ಮನೆಯಲ್ಲಿ ಜಾಗ ಇದೆ,
ಹತ್ತು ದಾಟಿದ ಗಂಡುಮಗುವಿಗೆ ಇಲ್ಲ.
ಮರೆಮ್ಮನ ಮಗ ಹನ್ನೊಂದರವನು, ಸೈಟಿನ ತಗಡಿನ ಗೂಡಲ್ಲಿ
ತಂಗಿಯನ್ನು ಕಾಯುತ್ತ ಕೂತಿದ್ದಾನೆ.
ಹನ್ನೊಂದಕ್ಕೇ ಗಂಡಸಾಗಿಬಿಡುತ್ತಾನೆಯೆ ಅವನು?
ವೃಷಾಲಿ ಮತ್ತೆ ಫೋನು ಮಾಡಿದಳು. ಮತ್ತೆ.
ಮೂರನೆಯವರು ಒಪ್ಪಿದರು, ಒಂದು ರಾತ್ರಿಗೆ.
ಮಕ್ಕಳನ್ನು ಕರೆತರಲು ಮಹಿಳಾ ಪೇದೆ ಆಟೋದಲ್ಲಿ ಹೋದಳು,
ಬಾಡಿಗೆ ಯಾರದೆಂದು ಯಾರೂ ಕೇಳಲಿಲ್ಲ.

ಹಿಂಬಾಗಿಲಿಂದ ಹೊರಟಾಗ ನೋಡಿದೆ, ಬರಿಗಾಲು.
ಚಪ್ಪಲಿ ಅವನ ಕೈಯಲ್ಲೇ ಇತ್ತಲ್ಲ.
ನನ್ನ ವಾರ್ಡಿನ ಬಿಳಿ ಸ್ಲಿಪ್ಪರು ಬಿಟ್ಟುಕೊಟ್ಟೆ,
ಒಂದಳತೆ ದೊಡ್ಡದು.
ಅವಳು ಬೆರಳು ಮಡಚಿ ಅದನ್ನು ಹಿಡಿದು ನಡೆದಳು.

ಆ ಎರಡು ಗಂಟೆಯನ್ನು ಪಾಳಿಯ ಪುಸ್ತಕದಲ್ಲಿ
ಎಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ.
ತಣ್ಣಗಿನ ಮೆಟ್ಟಿಲು, ಒಂದರಲ್ಲೂ ಜಾರದೆ ಹತ್ತಿದೆ.
ಹದಿನಾಲ್ಕನೇ ಮಂಚದ ಸಲೈನು
ಮುಗಿಯುತ್ತ ಬಂದಿತ್ತು.